ಅದಿರಿನ ಊರಿನಿಂದ ಸೆಂಡೈಗೆ: ತೊಹೊಕು ವಿಶ್ವವಿದ್ಯಾಲಯದಲ್ಲಿ ಓದಿ ಬಂದವಳ ರಿವ್ಯೂ

ಜಪಾನಿನ ಸೆಂಡೈ ಊರಿನ ತೊಹೊಕು ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ನನಗೆ ಕೊಟ್ಟ ಮೇಜಿನ ಪಕ್ಕ ಒಂದು ಹಳೆಯ ಕಬ್ಬಿಣದ ಕಪಾಟು ಇತ್ತು. ಒಳಗೆ ಸಾಲಾಗಿ ಗಾಜಿನ ಬಾಟಲಿಗಳು. ಒಂದೊಂದರಲ್ಲಿ ಒಂದೊಂದು ದೇಶದ ಕಬ್ಬಿಣದ ಅದಿರು. ಆಸ್ಟ್ರೇಲಿಯಾ, ಬ್ರೆಜಿಲ್, ದಕ್ಷಿಣ ಆಫ್ರಿಕಾ. ಕೆಳಗಿನ ಸಾಲಿನ ಮೂಲೆಯಲ್ಲಿದ್ದ ಒಂದು ಬಾಟಲಿ ಮೇಲೆ ಜಪಾನಿ ಅಕ್ಷರದಲ್ಲಿ 'ಇಂದೊ' ಅಂತ ಬರೆದಿತ್ತು. ಹಾಗಂದರೆ ಇಂಡಿಯಾ. ಮುಚ್ಚಳ ತೆಗೆದು ಬೆರಳ ತುದಿಗೆ ಸ್ವಲ್ಪ ಹಚ್ಚಿಕೊಂಡೆ. ನಮ್ಮ ಅಪ್ಪನ ಅಂಗಿಯ ಕಾಲರಿಗೆ ಹತ್ತಿರುತ್ತಿತ್ತಲ್ಲ, ಅದೇ ಕೆಂಪು. ಅವ್ವ ಎಷ್ಟು ಉಜ್ಜಿದರೂ ಅದು ಹೋಗುತ್ತಿರಲಿಲ್ಲ.

ಅಪ್ಪ ಸಂಡೂರಿನ ಕಡೆ ಒಂದು ವೇ ಬ್ರಿಡ್ಜ್‌ನಲ್ಲಿ ಅದಿರಿನ ಲಾರಿ ತೂಗಿ ಚೀಟಿ ಬರೆಯುತ್ತಿದ್ದರು. 2011ರಲ್ಲಿ ನಾನು ಎಸ್ಸೆಸ್ಸೆಲ್ಸಿ ಮುಗಿಸಿದೆ. ಅದೇ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿ ನಿಂತವು, ಅಪ್ಪನ ಕೆಲಸವೂ ನಿಂತಿತು. ಆಮೇಲೆ ಮನೆ ನಡೆದದ್ದು ಅವ್ವನ ಹೊಲಿಗೆ ಮಿಷನ್ ಮೇಲೆ. ಕೌಲ್ ಬಜಾರಿನಲ್ಲಿ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುವ ಕೆಲಸ, ಪೀಸಿಗೆ ಇಷ್ಟು ಅಂತ. ಇದನ್ನು ಯಾಕೆ ಹೇಳಿದೆ ಅಂದರೆ, ಮುಂದೆ ನಾನು ದುಡ್ಡಿನ ವಿಷಯ ಬರೆಯುವಾಗ ಅದು ಯಾವ ಮನೆಯ ಲೆಕ್ಕ ಅಂತ ನಿಮಗೆ ಗೊತ್ತಿರಲಿ.

2019ರ ಏಪ್ರಿಲ್‌ನಲ್ಲಿ ಜಪಾನ್‌ಗೆ ಹೋದೆ. 2021ರ ಸೆಪ್ಟೆಂಬರ್‌ನಲ್ಲಿ ಮಾಸ್ಟರ್ಸ್ ಮುಗಿಯಿತು. ಎರಡು ವರ್ಷ ಅಲ್ಲೇ ಕೆಲಸ ಮಾಡಿದೆ. ಈಗ ಊರಿನಲ್ಲಿದ್ದೇನೆ, ತೋರಣಗಲ್ಲಿನ ಕಡೆ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ. ಭಾನುವಾರ ಬಂದರೆ ಇಬ್ಬರೋ ಮೂವರೋ ಮನೆಗೆ ಬರುತ್ತಾರೆ. ಹೊಸಪೇಟೆಯಿಂದ, ಕಂಪ್ಲಿಯಿಂದ, ಒಮ್ಮೆ ಗಂಗಾವತಿಯಿಂದ ತಂದೆ ಮಗ ಇಬ್ಬರೂ ಬಂದಿದ್ದರು. ಎಲ್ಲರದೂ ಒಂದೇ ಪ್ರಶ್ನೆ: "ಅಕ್ಕ, ಜಪಾನಿನಾಗ ಯಾವ ಯೂನಿವರ್ಸಿಟಿ ಚಲೋ ಐತ್ರಿ?" ಕೈಯಲ್ಲಿ ರ‍್ಯಾಂಕಿಂಗ್ ಪಟ್ಟಿಯ ಪ್ರಿಂಟ್ ಇರುತ್ತದೆ.

ಆ ಪಟ್ಟಿಯನ್ನು ನಾನು ಪಕ್ಕಕ್ಕೆ ಇಡಿಸುತ್ತೇನೆ. ವಿಜ್ಞಾನ, ಎಂಜಿನಿಯರಿಂಗ್ ಓದಲು ಹೋಗುವವರು ಅಲ್ಲಿ ಆರಿಸಬೇಕಾದದ್ದು ಲ್ಯಾಬ್. ಯೂನಿವರ್ಸಿಟಿಯ ಹೆಸರು ಆಮೇಲೆ. ಜಪಾನಿನಲ್ಲಿ ಮಾಸ್ಟರ್ಸ್ ಅಂದರೆ ಒಬ್ಬ ಪ್ರೊಫೆಸರ್‌ನ ಲ್ಯಾಬ್‌ಗೆ ಸೇರುವುದು. ಅದಕ್ಕೆ 'ಕೆನ್‌ಕ್ಯೂಶಿತ್ಸು' ಅನ್ನುತ್ತಾರೆ. ನಿಮ್ಮ ಮೇಜು ಅಲ್ಲೇ, ಊಟ ಅಲ್ಲೇ, ಬೈಗುಳ ಅಲ್ಲೇ, ಗೆಳೆತನ ಅಲ್ಲೇ. ಸೇರಿದ ಮೇಲೆ ಬೇರೆ ಲ್ಯಾಬ್‌ಗೆ ಹೋಗುತ್ತೇನೆ ಅಂದರೆ ಅದು ಬಹಳ ಕಷ್ಟ. ಒಂಥರಾ ಸಂಬಂಧ ಮಾಡಿದ ಹಾಗೆ. ಊರು ದೊಡ್ಡದು ಅಂತ ಯಾರೂ ಹೆಣ್ಣು ಕೊಡುವುದಿಲ್ಲ, ಮನೆ ಹೇಗಿದೆ ಅಂತ ನೋಡುತ್ತಾರೆ, ಅಲ್ವಾ?

ನನಗೂ ಮೊದಲು ಇದು ಗೊತ್ತಿರಲಿಲ್ಲ. ಬಿ.ಇ. ಆದ ಮೇಲೆ ಕೊಪ್ಪಳ ಹತ್ತಿರದ ಗಿಣಿಗೇರಾ ಕಡೆ ಒಂದು ಸ್ಪಾಂಜ್ ಐರನ್ ಘಟಕದಲ್ಲಿ ಕೆಲಸಕ್ಕಿದ್ದೆ. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿ ವಿಷಯ ಯಾರೋ ಹೇಳಿದರು. ಹೋದೆ. "ನಮಗೆ ಜಪಾನ್ ಯೂನಿವರ್ಸಿಟಿಗಳ ಜೊತೆ ಟೈ ಅಪ್ ಇದೆ, ಮೊದಲು ಭಾಷಾ ಶಾಲೆಗೆ ಸೇರಿ, ಆಮೇಲೆ ಯೂನಿವರ್ಸಿಟಿ ತಾನಾಗೇ ಸಿಗುತ್ತದೆ, ಪಾರ್ಟ್ ಟೈಮ್ ಮಾಡಿ ಫೀಸು ಕಟ್ಟಬಹುದು" ಅಂದರು. 25 ಸಾವಿರ ಮುಂಗಡ ಕೊಟ್ಟೆ. ಅವ್ವ ಎತ್ತಿದ ಚೀಟಿ ಹಣ ಅದು. ಎಂಟು ತಿಂಗಳಲ್ಲಿ ಬಂದದ್ದು ಒಂದು ಬಣ್ಣದ ಬ್ರೋಷರ್. ಹಣ ವಾಪಸ್ ಬರಲಿಲ್ಲ.

ಯಾರೂ ಈ ದಾರಿ ಹಿಡಿಯಬೇಡಿ. ಜಪಾನಿನ ರಾಷ್ಟ್ರೀಯ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಲು ಏಜೆಂಟ್ ಬೇಡವೇ ಬೇಡ. ವಿದ್ಯಾರ್ಥಿ ವೀಸಾದಲ್ಲಿ ಇರುವವರು ಅನುಮತಿ ಪಡೆದು ವಾರಕ್ಕೆ 28 ಗಂಟೆ ಮಾತ್ರ ಕೆಲಸ ಮಾಡಬಹುದು. ಅದರಲ್ಲಿ ಬಾಡಿಗೆ, ಊಟ ನಡೆಯಬಹುದೇ ಹೊರತು ಫೀಸು ಹುಟ್ಟುವುದಿಲ್ಲ. ಸೆಂಡೈನಲ್ಲಿ ನನಗೆ ಪರಿಚಯವಾದ ಒಬ್ಬ ಹುಡುಗ ಸಾಲ ಮಾಡಿ ಭಾಷಾ ಶಾಲೆಗೆ ಬಂದವನು. ರಾತ್ರಿಯಿಡೀ ಊಟದ ಡಬ್ಬಿ ತುಂಬುವ ಫ್ಯಾಕ್ಟರಿಯಲ್ಲಿ ನಿಂತು, ಬೆಳಿಗ್ಗೆ ಕ್ಲಾಸಿನಲ್ಲಿ ನಿದ್ದೆ ಮಾಡುತ್ತಿದ್ದ. ಅವನ ಮುಖ ನೆನಪಾದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಮುಂಗಡ ಹೋದ ಮೇಲೆ ನಾನೇ ಕೂತು ಹುಡುಕಿದೆ. ಮೊದಲು 14 ಪ್ರೊಫೆಸರ್‌ಗಳಿಗೆ ಒಂದೇ ಪತ್ರ ಕಳಿಸಿದೆ. ಹೆಸರು ಮಾತ್ರ ಬದಲು. ಮಾರ್ಕ್ಸ್ ಇಷ್ಟು, ಕಷ್ಟಪಟ್ಟು ಓದುತ್ತೇನೆ, ಅವಕಾಶ ಕೊಡಿ ಅಂತ. ಒಂದಕ್ಕೂ ಉತ್ತರ ಬರಲಿಲ್ಲ. ಈಗ ಯೋಚಿಸಿದರೆ, ಆ ಪತ್ರದಲ್ಲಿ ಉತ್ತರ ಕೊಡುವಂಥದ್ದು ಏನೂ ಇರಲಿಲ್ಲ.

ಆಗ ನಮ್ಮ ಘಟಕದಲ್ಲಿ ಒಂದು ತೊಂದರೆ ನಡೆದಿತ್ತು. ಸ್ಪಾಂಜ್ ಐರನ್ ಅಂದರೆ ಅದಿರನ್ನು ಕರಗಿಸದೆ, ಕಲ್ಲಿದ್ದಲಿನ ಜೊತೆ ತಿರುಗುವ ಉದ್ದನೆಯ ಗೂಡಿನಲ್ಲಿ ಸುಮಾರು 1,000 ಡಿಗ್ರಿ ಬಿಸಿಯಲ್ಲಿ ಅದರ ಆಮ್ಲಜನಕ ತೆಗೆಯುವುದು. ಆ ಗೂಡಿನ ಒಳಗೋಡೆಗೆ ಅದಿರು, ಬೂದಿ ಎಲ್ಲ ಅಂಟಿಕೊಂಡು ಉಂಗುರದ ಹಾಗೆ ಬೆಳೆಯುತ್ತದೆ. ನಾವು ಅದನ್ನು 'ರಿಂಗ್ ಆಯ್ತು' ಅನ್ನುತ್ತೇವೆ. ರಿಂಗ್ ಆದರೆ ಗೂಡು ನಿಲ್ಲಿಸಿ, ಆರಿಸಿ, ಒಳಗೆ ಹೋಗಿ ಒಡೆಯಬೇಕು. ಯಾಕೆ ಕೆಲವು ಅದಿರಿಗೆ ಬೇಗ ರಿಂಗ್ ಆಗುತ್ತದೆ ಅಂತ ನನಗೆ ತಿಳಿಯಬೇಕಿತ್ತು. ಹುಡುಕುತ್ತಾ ಹೋದಾಗ ಸೆಂಡೈನ ಒಬ್ಬ ಪ್ರೊಫೆಸರ್ ಬರೆದ ಲೇಖನ ಸಿಕ್ಕಿತು. ಅದಿರಿನಲ್ಲಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಜಾಸ್ತಿ ಇದ್ದರೆ ಬಿಸಿಯಲ್ಲಿ ಏನಾಗುತ್ತದೆ ಅಂತ. ನಮ್ಮ ಕಡೆಯ ಅದಿರಿಗೆ ಇರುವ ತೊಂದರೆಯೂ ಅದೇ. ಮೂರು ರಾತ್ರಿ ಕೂತು ಓದಿದೆ. ಅರ್ಧ ಅರ್ಥವಾಯಿತು. ಅರ್ಥವಾಗದ ಅರ್ಧದಿಂದ ಎರಡು ಪ್ರಶ್ನೆ, ನಮ್ಮ ಗೂಡಿನ ರಿಂಗಿನ ಒಂದು ವಿವರಣೆ, ಇಷ್ಟೇ ಬರೆದು ಕಳಿಸಿದೆ. ಮೂರನೇ ದಿನ ಉತ್ತರ ಬಂತು. ನಾಲ್ಕೇ ಸಾಲು. ಕೊನೆಯ ಸಾಲಿನಲ್ಲಿ ಅವರೇ ನನಗೆ ಒಂದು ಪ್ರಶ್ನೆ ಕೇಳಿದ್ದರು. ಅದನ್ನು ಅಪ್ಪನಿಗೆ ಓದಿ ಹೇಳಿದೆ. "ನಿನ್ನ ಕೇಳ್ಯಾರಾ? ಅಷ್ಟು ದೊಡ್ಡವರು?" ಅಂತ ಅಪ್ಪ ಎರಡು ಸಲ ಕೇಳಿದರು.

ಲ್ಯಾಬ್ ಹುಡುಕಲು ಎರಡು ವೆಬ್‌ಸೈಟ್ ಹೇಳುತ್ತೇನೆ, ಎರಡೂ ಪುಕ್ಕಟೆ. ಒಂದು 'ರಿಸರ್ಚ್‌ಮ್ಯಾಪ್'. ಜಪಾನಿನ ಸಂಶೋಧಕರು ಏನು ಮಾಡುತ್ತಿದ್ದಾರೆ ಅಂತ ಅಲ್ಲಿ ಸಿಗುತ್ತದೆ. ಇನ್ನೊಂದು 'ಕಾಕೆನ್'. ಯಾರಿಗೆ ಯಾವ ವಿಷಯಕ್ಕೆ ಸರ್ಕಾರದ ಸಂಶೋಧನಾ ಹಣ ಸಿಕ್ಕಿದೆ ಅಂತ ತೋರಿಸುತ್ತದೆ. ಹಣ ಸಿಕ್ಕಿರುವ ವಿಷಯದಲ್ಲಿ ಕೆಲಸ ನಡೆಯುತ್ತಿರುತ್ತದೆ, ಹೊಸಬರಿಗೆ ಜಾಗವೂ ಇರಬಹುದು. ಕೆಲವು ಕಡೆ ಪ್ರೊಫೆಸರ್‌ಗೆ ನೇರವಾಗಿ ಬರೆಯುವ ಹಾಗಿಲ್ಲ. ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಒಂದು ಪ್ರವೇಶ ನೆರವು ಕಚೇರಿ ಇದೆ, ಅದರ ಮೂಲಕ ಹೋಗಬೇಕು. ಮೊದಲು ಅವರ ನಿಯಮ ಓದಿ.

ಇನ್ನು ದುಡ್ಡು. ರಾಷ್ಟ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಫೀಸು ವರ್ಷಕ್ಕೆ 5,35,800 ಯೆನ್. ಈಗಿನ ಲೆಕ್ಕದಲ್ಲಿ ಹೆಚ್ಚುಕಡಿಮೆ 3 ಲಕ್ಷ ರೂಪಾಯಿ. ಸೇರುವಾಗ ಒಂದು ಸಲ 2,82,000 ಯೆನ್, ಮಾಸ್ಟರ್ಸ್ ಅರ್ಜಿಗೆ 30,000 ಯೆನ್. ಕೆಲವರು ಇದಕ್ಕಿಂತ ಜಾಸ್ತಿ ತೆಗೆದುಕೊಳ್ಳುತ್ತಾರೆ. ಟೋಕಿಯೊ ವಿಶ್ವವಿದ್ಯಾಲಯ 2025ರಿಂದ ಹೊಸದಾಗಿ ಸೇರುವ ಪದವಿ ವಿದ್ಯಾರ್ಥಿಗಳಿಗೆ 6,42,960 ಯೆನ್ ಮಾಡಿದೆ. ವಿದೇಶಿ ವಿದ್ಯಾರ್ಥಿಗಳಿಗೆ ಬೇರೆ ದರ ಇಡಲು 2024ರಿಂದ ವಿಶ್ವವಿದ್ಯಾಲಯಗಳಿಗೆ ಸ್ವಾತಂತ್ರ್ಯ ಸಿಕ್ಕಿದೆ. ಹಾಗಾಗಿ ನೀವು ಸೇರುವ ವರ್ಷದ ದರವನ್ನೇ ನೋಡಿ, ಹಳೆ ಹಾಳೆ ನಂಬಬೇಡಿ. ಫೀಸಿನಲ್ಲಿ ಪೂರ್ತಿ ಅಥವಾ ಅರ್ಧ ಮಾಫಿ ಕೇಳಿ ಅರ್ಜಿ ಹಾಕುವ ದಾರಿಯೂ ಹಲವು ಕಡೆ ಇದೆ.

ನಮ್ಮಂಥ ಮನೆಯವರಿಗೆ ನಿಜವಾದ ಬಾಗಿಲು ಮೆಕ್ಸ್ಟ್ ಸ್ಕಾಲರ್‌ಶಿಪ್. ಜಪಾನ್ ಸರ್ಕಾರದ್ದು. ಫೀಸು ಪೂರ್ತಿ ಮಾಫಿ, ಹೋಗಿ ಬರುವ ವಿಮಾನದ ಟಿಕೆಟ್, ತಿಂಗಳಿಗೆ ಖರ್ಚಿನ ಹಣ. ನನಗೆ ಮಾಸ್ಟರ್ಸ್‌ನಲ್ಲಿ ತಿಂಗಳಿಗೆ 1,44,000 ಯೆನ್ ಬರುತ್ತಿತ್ತು. ಅದರಲ್ಲಿ ಬಾಡಿಗೆ, ಊಟ, ಫೋನ್, ಆರೋಗ್ಯ ವಿಮೆ ಎಲ್ಲ ಕಳೆದು ಮನೆಗೂ ಅಷ್ಟಿಷ್ಟು ಕಳಿಸಿದ್ದೇನೆ. ಆ ಹಣದಲ್ಲಿ ಅವ್ವ ಕರೆಂಟಿನ ಹೊಲಿಗೆ ಮಿಷನ್ ತಗೊಂಡರು.

ಮೆಕ್ಸ್ಟ್‌ಗೆ ಎರಡು ದಾರಿ. ಒಂದು ರಾಯಭಾರ ಕಚೇರಿ ಮೂಲಕ, ಇನ್ನೊಂದು ವಿಶ್ವವಿದ್ಯಾಲಯವೇ ಶಿಫಾರಸು ಮಾಡುವುದು. ನಾನು ಮೊದಲನೆಯದರಲ್ಲಿ ಹೋದೆ. ಸಾಮಾನ್ಯವಾಗಿ ಏಪ್ರಿಲ್ ಹೊತ್ತಿಗೆ ಕರೆ ಬರುತ್ತದೆ. ಕಾಗದ ಪತ್ರ, ಆಮೇಲೆ ಬರವಣಿಗೆಯ ಪರೀಕ್ಷೆ, ಆಮೇಲೆ ಸಂದರ್ಶನ. ಇಂಗ್ಲಿಷ್ ಪತ್ರಿಕೆ, ಜಪಾನಿ ಪತ್ರಿಕೆ ಎರಡೂ ಇದ್ದವು. ಜಪಾನಿ ಪತ್ರಿಕೆಯಲ್ಲಿ ನನಗೆ ಬಂದದ್ದು ಮೊದಲ ಭಾಗ ಮಾತ್ರ. ಸಂದರ್ಶನದಲ್ಲಿ ಅರ್ಧ ಹೊತ್ತು ರಿಂಗಿನ ಬಗ್ಗೆಯೇ ಕೇಳಿದರು. ನಾನು ಗೂಡಿನೊಳಗೆ ಇಳಿದು ನೋಡಿದವಳು, ಹೇಳಲು ಮಾತು ಇತ್ತು. ಇದರಲ್ಲಿ ಪಾಸಾದ ಮೇಲೆ ಪ್ರೊಫೆಸರ್ ಕಡೆಯಿಂದ 'ನೈದಾಕು' ತರಬೇಕು. "ಈ ವಿದ್ಯಾರ್ಥಿಯನ್ನು ತೆಗೆದುಕೊಳ್ಳಲು ಒಪ್ಪಿದ್ದೇನೆ" ಅನ್ನುವ ಪತ್ರ. ಮೊದಲೇ ಪರಿಚಯ ಮಾಡಿಕೊಂಡವರಿಗೆ ಇದು ಸುಲಭ. ಪಾಸಾದ ಮೇಲೆ ಲ್ಯಾಬ್ ಹುಡುಕಲು ಕೂತರೆ ದಿನ ಸಾಲುವುದಿಲ್ಲ.

ಒಂದು ಎಚ್ಚರ. ಅಲ್ಲಿ ಮಾಸ್ಟರ್ಸ್‌ಗೆ ಸೇರಲು ಒಟ್ಟು 16 ವರ್ಷದ ಓದು ಬೇಕು. ಮೂರು ವರ್ಷದ ಬಿ.ಎಸ್ಸಿ. ಮಾಡಿದವರಿಗೆ 15 ಆಗುತ್ತದೆ. ಅಂಥವರು ಅರ್ಹತೆಯ ಬಗ್ಗೆ ಆಯಾ ವಿಶ್ವವಿದ್ಯಾಲಯವನ್ನು ಮೊದಲೇ ಕೇಳಬೇಕು, ಇಲ್ಲವೇ ಇಲ್ಲಿ ಎಂ.ಎಸ್ಸಿ. ಮುಗಿಸಿ ಹೋಗಬೇಕು. ಇನ್ನೊಂದು, ಬಹಳ ಜನ ನೇರವಾಗಿ ಮಾಸ್ಟರ್ಸ್‌ಗೆ ಸೇರುವುದಿಲ್ಲ. ಮೊದಲು 'ಕೆನ್‌ಕ್ಯೂಸೈ', ಅಂದರೆ ಸಂಶೋಧನಾ ವಿದ್ಯಾರ್ಥಿ. ನಾನು ಆರು ತಿಂಗಳು ಹಾಗೆ ಇದ್ದು, ಪ್ರವೇಶ ಪರೀಕ್ಷೆ ಬರೆದು, ಅಕ್ಟೋಬರ್‌ನಲ್ಲಿ ಸೇರಿದೆ. ಆ ಆರು ತಿಂಗಳು ಡಿಗ್ರಿ ಲೆಕ್ಕಕ್ಕೆ ಬರುವುದಿಲ್ಲ. ಆದರೆ ನನಗೆ ಕೈ ಪಳಗಿದ್ದು ಆಗಲೇ.

ಈಗ ತೊಹೊಕು ಬಗ್ಗೆ. ಶುರುವಾದದ್ದು 1907ರಲ್ಲಿ. ಲೋಹ ಅಂದರೆ ಜಪಾನಿನಲ್ಲಿ ಮೊದಲು ಬರುವ ಹೆಸರು ಇದು. ಹೊಂಡಾ ಕೊತಾರೊ ಅನ್ನುವ ವಿಜ್ಞಾನಿ ಇಲ್ಲೇ 1917ರಲ್ಲಿ ಕೆ.ಎಸ್. ಅನ್ನುವ ಅಯಸ್ಕಾಂತದ ಉಕ್ಕು ಮಾಡಿದರು. ಆ ಕಾಲಕ್ಕೆ ಅಷ್ಟು ಬಲವಾದ ಶಾಶ್ವತ ಅಯಸ್ಕಾಂತ ಇನ್ನೊಂದು ಇರಲಿಲ್ಲ. ನನಗೆ ಇದಕ್ಕಿಂತ ಹತ್ತಿರವಾದ ವಿಷಯ ಬೇರೆ. 1913ರಲ್ಲಿ ಈ ವಿಶ್ವವಿದ್ಯಾಲಯ ಮೂವರು ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತು. ಜಪಾನಿನ ಬೇರೆ ಯಾವ ಇಂಪೀರಿಯಲ್ (ಆಗಿನ ಸಾಮ್ರಾಜ್ಯ ಸರ್ಕಾರದ) ವಿಶ್ವವಿದ್ಯಾಲಯವೂ ಅದುವರೆಗೆ ಹಾಗೆ ಮಾಡಿರಲಿಲ್ಲ. ಅವರಲ್ಲಿ ಕುರೊದಾ ಚಿಕಾ ಅನ್ನುವವರು ಗಿಡಗಳ ಬಣ್ಣದ ರಸಾಯನ ಹುಡುಕಿದರು. ಗೂಡಿನ ಹತ್ತಿರ "ಹುಡುಗಿಗೆ ಇಲ್ಲೇನು ಕೆಲಸ" ಅಂತ ಕೇಳಿಸಿಕೊಂಡು ಬಂದವಳಿಗೆ, ಆ ಮೂವರ ಕಥೆ ಗೊತ್ತಾದ ದಿನ ಎದೆ ತುಂಬಿ ಬಂತು. 2024ರ ನವೆಂಬರ್‌ನಲ್ಲಿ, ದೊಡ್ಡ ನಿಧಿಯಿಂದ ಹಣ ಪಡೆಯುವ ಅಂತರರಾಷ್ಟ್ರೀಯ ಸಂಶೋಧನಾ ವಿಶ್ವವಿದ್ಯಾಲಯ ಅಂತ ಜಪಾನ್ ಸರ್ಕಾರ ಮೊದಲು ಮಾನ್ಯತೆ ಕೊಟ್ಟದ್ದೂ ಇದಕ್ಕೇ.

ನನ್ನ ಲ್ಯಾಬ್ ಇದ್ದದ್ದು ಕತಾಹಿರಾ ಕ್ಯಾಂಪಸ್‌ನಲ್ಲಿ, ಸೆಂಡೈ ಸ್ಟೇಷನ್‌ನಿಂದ ನಡೆದು ಹೋಗುವಷ್ಟು ಹತ್ತಿರ. ಎಂಜಿನಿಯರಿಂಗ್ ಕ್ಲಾಸುಗಳು ಆವೊಬಾಯಾಮಾ ಗುಡ್ಡದ ಮೇಲೆ. 2015ರ ಕೊನೆಗೆ ಶುರುವಾದ ಸಬ್‌ವೇ ನೇರ ಅಲ್ಲಿಗೇ ಹೋಗುತ್ತದೆ.

ಮೊದಲ ತಿಂಗಳು ನನ್ನ ಕೈಗೆ ಫರ್ನೇಸ್ ಕೊಡಲಿಲ್ಲ. ಉಜ್ಜುವುದು ಕಲಿ ಅಂದರು. ಬಟಾಣಿಗಿಂತ ಸ್ವಲ್ಪ ದೊಡ್ಡ ಪೆಲೆಟ್, ಅಂದರೆ ಅದಿರಿನ ಪುಡಿಯ ಉಂಡೆ, ಫರ್ನೇಸಿನಲ್ಲಿ ಅರ್ಧ ಕಬ್ಬಿಣವಾದದ್ದು. ಅದನ್ನು ರೆಸಿನ್‌ನಲ್ಲಿ ಕೂರಿಸಿ, ಗಟ್ಟಿಯಾದ ಮೇಲೆ ಅರ್ಧಕ್ಕೆ ಕೊಯ್ದು, ನೀರು ಬಿಟ್ಟ ಎಮರಿ ಪೇಪರ್ ಮೇಲೆ ಉಜ್ಜಬೇಕು. ಮೊದಲು 320 ನಂಬರಿನ ಒರಟು ಪೇಪರ್, ಆಮೇಲೆ ಇನ್ನೂ ನಯವಾದ 600, 1200, 2000. ಪೇಪರ್ ಬದಲಿಸಿದಾಗೆಲ್ಲ ತುಣುಕನ್ನು 90 ಡಿಗ್ರಿ ತಿರುಗಿಸಬೇಕು. ಹಿಂದಿನ ಪೇಪರಿನ ಗೀರು ಆಗ ಅಡ್ಡಡ್ಡ ಕಾಣುತ್ತದೆ. ಅದು ಪೂರ್ತಿ ಹೋಗುವ ತನಕ ಮುಂದಿನ ಪೇಪರ್ ಮುಟ್ಟುವ ಹಾಗಿಲ್ಲ. ಕೊನೆಗೆ ವಜ್ರದ ಪೇಸ್ಟ್. ನನ್ನ 'ಸೆಂಪಾಯ್', ಅಂದರೆ ಹಿರಿಯ ವಿದ್ಯಾರ್ಥಿ, ಮೈಕ್ರೋಸ್ಕೋಪ್‌ನಲ್ಲಿ ನೋಡಿ "ಮೋ ಇಚಿದೊ" ಅಂದ. ಇನ್ನೊಂದು ಸಲ. ಒಂದು ಕೂದಲೆಳೆಯಷ್ಟು ಗೀರು ಉಳಿದಿತ್ತು. ಮತ್ತೆ 600ರಿಂದ ಶುರು. ಆರನೇ ಸಲಕ್ಕೆ ಅವನು ಏನೂ ಹೇಳಲಿಲ್ಲ. ಕುರ್ಚಿ ಬಿಟ್ಟು ಎದ್ದು, ನೀನೇ ನೋಡು ಅಂತ ಕೈ ತೋರಿಸಿದ.

ನೋಡಿದೆ. ಅಂಚಿನಲ್ಲಿ ಬೆಳ್ಳಗೆ ಹೊಳೆಯುವ ಕಬ್ಬಿಣ. ಅದರ ಒಳಗೆ ಬೂದು ಬಣ್ಣದ ವುಸ್ಟೈಟ್, ಅಂದರೆ ಇನ್ನೂ ಸ್ವಲ್ಪ ಆಮ್ಲಜನಕ ಉಳಿದದ್ದು. ಇನ್ನೂ ಒಳಗೆ ಅದಕ್ಕಿಂತ ಹೆಚ್ಚು ಆಮ್ಲಜನಕ ಇರುವ ಮ್ಯಾಗ್ನೆಟೈಟ್. ನಡುವೆ ಇನ್ನೂ ಬದಲಾಗದೆ ಉಳಿದ ಹೆಮಟೈಟ್, ಅಂದರೆ ಮೂಲ ಅದಿರು. ಈರುಳ್ಳಿ ಕೊಯ್ದ ಹಾಗೆ ಪದರ ಪದರ. ಎಂಜಿನಿಯರಿಂಗ್‌ನಲ್ಲಿ ಈ ಚಿತ್ರವನ್ನು ನೋಟ್‌ಬುಕ್‌ನಲ್ಲಿ ಎಷ್ಟು ಸಲ ಬರೆದಿಲ್ಲ ನಾನು! ನಿಜವಾಗಿ ನೋಡಿದ್ದು ಅವತ್ತೇ. ಅದಿರು ಹೊರಗಿನಿಂದ ಒಳಕ್ಕೆ ಕಬ್ಬಿಣವಾಗುತ್ತಾ ಹೋಗುತ್ತದೆ ಅನ್ನುವ ಮಾತು ಕಣ್ಣೆದುರಿಗೆ ಇತ್ತು.

ಲ್ಯಾಬ್ ಆರಿಸಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ. ವಾರಕ್ಕೊಮ್ಮೆ 'ಜೆಮಿ' ನಡೆಯುತ್ತಿತ್ತು. ಸರದಿ ಪ್ರಕಾರ ಒಬ್ಬರು ಎದ್ದು ತಮ್ಮ ಕೆಲಸ ತೋರಿಸಬೇಕು. ನಮ್ಮ ಪ್ರೊಫೆಸರ್ ಜಾಸ್ತಿ ಮಾತಾಡುವವರಲ್ಲ. "ನಾಜೆ?" ಅನ್ನುತ್ತಿದ್ದರು. ಯಾಕೆ? ಉತ್ತರ ಕೊಟ್ಟರೆ ಅದಕ್ಕೂ "ನಾಜೆ?" ಗೊತ್ತಿಲ್ಲ ಅಂದರೆ ಬೈಯುತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಅಂದರೆ ಮಾತ್ರ ಮುಖ ಗಂಭೀರವಾಗುತ್ತಿತ್ತು. ಬೇರೆ ಊರಿನ ಬೇರೆ ಲ್ಯಾಬ್‌ಗಳಲ್ಲಿದ್ದ ಗೆಳತಿಯರ ಅನುಭವ ಹೀಗೇ ಇರಲಿಲ್ಲ. ಒಬ್ಬಳು ರಾತ್ರಿ 11ರ ತನಕ ಸುಮ್ನೆ ಕೂತಿರಬೇಕಿತ್ತು, ಪ್ರೊಫೆಸರ್ ಮನೆಗೆ ಹೋಗಿಲ್ಲ ಅನ್ನುವ ಒಂದೇ ಕಾರಣಕ್ಕೆ. ಸೇರುವ ಮೊದಲು ಆ ಲ್ಯಾಬ್‌ನ ಒಬ್ಬ ವಿದೇಶಿ ವಿದ್ಯಾರ್ಥಿಗೆ ಬರೆದು ಕೇಳಿ. ದಿನ ಹೇಗಿರುತ್ತದೆ, ರಜೆ ಇದೆಯಾ, ಮಾತುಕತೆ ಯಾವ ಭಾಷೆಯಲ್ಲಿ, ಇಷ್ಟು ಸಾಕು.

ಭಾಷೆ ಬಗ್ಗೆ ಕನ್ನಡದವರಿಗೆ ಒಂದು ಸಂತೋಷದ ಸುದ್ದಿ ಹೇಳಬೇಕು. ಜಪಾನಿ ವಾಕ್ಯ ನಮ್ಮ ವಾಕ್ಯದ ಹಾಗೇ ನಡೆಯುತ್ತದೆ. ಕ್ರಿಯಾಪದ ಕೊನೆಗೆ. "ತಬೆತೆ ಮಿರು" ಅಂದರೆ ಪದಕ್ಕೆ ಪದ "ತಿಂದು ನೋಡು". "ತಬೆತೆ ಶಿಮತ್ತ" ಅಂದರೆ "ತಿಂದುಬಿಟ್ಟೆ". "ಇಕು ತೊ ಇತ್ತ" ಅಂದರೆ "ಹೋಗುತ್ತೇನೆ ಅಂತ ಹೇಳಿದ". ಆ 'ತೊ' ನಮ್ಮ 'ಅಂತ'! ಮಾತಿನ ಕೊನೆಗೆ ಅವರು ಹಾಕುವ 'ನೇ' ನಮ್ಮ 'ಅಲ್ವಾ'. ಬೇರೆ ದೇಶದ ಸಹಪಾಠಿಗಳು ವಾಕ್ಯ ತಿರುಗಿಸಿ ಮುರುಗಿಸಿ ಒದ್ದಾಡುತ್ತಿದ್ದಾಗ ನಾನು ಕನ್ನಡದಲ್ಲಿ ಯೋಚಿಸಿ ಪದ ಬದಲಿಸುತ್ತಿದ್ದೆ. ಕಷ್ಟ ಇರುವುದು ಚೀನಾದಿಂದ ಬಂದ ಕಾಂಜಿ ಅಕ್ಷರಗಳಲ್ಲಿ. ಅದಕ್ಕೆ ಅಡ್ಡದಾರಿ ಇಲ್ಲ, ದಿನಾ ಬರೆಯಬೇಕು.

ಇಂಗ್ಲಿಷ್‌ನಲ್ಲೇ ಕೋರ್ಸ್ ಮುಗಿಸಬಹುದು, ಅದು ನಿಜ. ಆದರೆ ಕ್ಲಾಸ್ ಇಂಗ್ಲಿಷ್, ಬದುಕು ಜಪಾನಿ. ಸಿಲಿಂಡರ್ ಮೇಲಿನ ಎಚ್ಚರಿಕೆ, ಬಾಡಿಗೆ ಕರಾರು, ಕಸ ಯಾವ ದಿನ ಹಾಕಬೇಕು, ಎಲ್ಲ ಜಪಾನಿ. ಜಪಾನಿ ಭಾಷಾ ಪರೀಕ್ಷೆಯಲ್ಲಿ ಐದು ಮಟ್ಟ, ಎಲ್ಲಕ್ಕಿಂತ ಸುಲಭ ಎನ್5, ಎಲ್ಲಕ್ಕಿಂತ ಕಷ್ಟ ಎನ್1. ಕೆಲಸಕ್ಕೆ ಕಂಪನಿಗಳು ಹೆಚ್ಚಾಗಿ ಕೇಳುವುದು ಎನ್2 ಮಟ್ಟ. ಅದರ ಪರೀಕ್ಷೆ ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಡಿಸೆಂಬರ್. ನಮಗೆ ಹತ್ತಿರದ ಕೇಂದ್ರ ಬೆಂಗಳೂರು. ನಾನು ಎನ್5 ಬರೆಯಲು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿ, ಮರುದಿನ ರಾತ್ರಿ ಅದರಲ್ಲೇ ವಾಪಸ್ ಬಂದಿದ್ದೆ. ಹೋಗುವ ಮೊದಲು ಎನ್4 ಆದರೂ ಮಾಡಿಕೊಂಡು ಹೋಗಿ. ನಾನು ಮಾಡಿರಲಿಲ್ಲ, ಮೊದಲ ವರ್ಷ ಅದರ ಬೆಲೆ ತೆತ್ತೆ.

ವಾಸಕ್ಕೆ ಯುನಿವರ್ಸಿಟಿ ಹೌಸ್, ಅಂದರೆ ವಿಶ್ವವಿದ್ಯಾಲಯದ ಹಾಸ್ಟೆಲ್, ಸಿಕ್ಕರೆ ಅದೃಷ್ಟ. ನನಗೆ ಸಿಕ್ಕಿತ್ತು. ಎಂಟು ಜನಕ್ಕೆ ಒಂದು ಅಡುಗೆಮನೆ, ಮಲಗಲು ಒಬ್ಬೊಬ್ಬರಿಗೆ ಒಂದೊಂದು ಕೋಣೆ. ನಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ. ಅಲ್ಲಿ ತರಕಾರಿ ಸಾರು ಅಂತ ಕಂಡರೂ ಅದಕ್ಕೆ 'ದಾಶಿ' ಹಾಕಿರುತ್ತಾರೆ, ಅದು ಹೆಚ್ಚಾಗಿ ಒಣಮೀನಿನ ತಿಳಿ. ಹಾಗಾಗಿ ಅಡುಗೆ ನಾನೇ. ಬ್ಯಾಗಿನಲ್ಲಿ ನಾಲ್ಕು ಕೆಜಿ ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಯ್ದಿದ್ದೆ. ಮೊದಲ ಸಲ ರೊಟ್ಟಿ ತಟ್ಟಿದಾಗ ಆ ಸದ್ದಿಗೆ ಮಂಗೋಲಿಯಾದ ಹುಡುಗಿ ಓಡಿ ಬಂದಳು. ಆಮೇಲೆ ಶನಿವಾರ ಅವಳೂ ನನ್ನ ಜೊತೆ ತಟ್ಟುತ್ತಿದ್ದಳು. ಹೊರಗೆ ತಿನ್ನುವುದಾದರೆ ಸೆಂಡೈನ 'ಜುಂದಾ' ತಿಂದು ನೋಡಿ. ಹಸಿ ಸೋಯಾ ಕಾಳು ಬೇಯಿಸಿ ಸಕ್ಕರೆ ಹಾಕಿ ಅರೆದದ್ದು. ನನಗೆ ಹೋಳಿಗೆ ಹೂರಣ ನೆನಪಾಗುತ್ತಿತ್ತು.

ಚಳಿ ಇದೆ. ಬಳ್ಳಾರಿಯ 42 ಡಿಗ್ರಿಯಿಂದ ಹೋದವರಿಗೆ ಜನವರಿ ಕಷ್ಟ. ಸ್ವೆಟರ್ ಇಲ್ಲಿಂದ ಒಯ್ಯಬೇಡಿ, ಅಲ್ಲೇ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಒಳ್ಳೆಯದು ಸಿಗುತ್ತದೆ.

ಭೂಕಂಪದ ಬಗ್ಗೆ ಬಂದವರೆಲ್ಲ ಕೇಳುತ್ತಾರೆ, ಅದರಲ್ಲೂ ತಾಯಂದಿರು. ನಮ್ಮ ಗಣಿ ನಿಂತ ಅದೇ 2011ರ ಮಾರ್ಚ್ 11ಕ್ಕೆ ಆ ಊರು 9.0 ತೀವ್ರತೆಯ ಭೂಕಂಪ ಕಂಡಿತ್ತು. ಆವೊಬಾಯಾಮಾದಲ್ಲಿ ಕಟ್ಟಡಗಳು ಹಾಳಾಗಿ ಹೊಸದಾಗಿ ಕಟ್ಟಿದ್ದಾರೆ. ನಾನಿದ್ದಾಗ 2021ರ ಫೆಬ್ರವರಿ 13ರ ರಾತ್ರಿ 11 ದಾಟಿದ ಮೇಲೆ 7.3ರ ಭೂಕಂಪ ಬಂತು. ಮಂಚ ದೋಣಿಯ ಹಾಗೆ ಹೊಯ್ದಾಡಿತು. ತುಂಬಾ ಹೆದರಿದೆ, ಅತ್ತೂಬಿಟ್ಟೆ. ಅರ್ಧ ಗಂಟೆಯೊಳಗೆ ಲ್ಯಾಬ್ ಗುಂಪಿನಲ್ಲಿ ಮೆಸೇಜ್ ಬಂತು, ಎಲ್ಲರೂ ಸುರಕ್ಷಿತವಾಗಿದ್ದೇವೆ ಅಂತ ಒಬ್ಬೊಬ್ಬರಾಗಿ ತಿಳಿಸಿ ಅಂತ. ಬೆಳಿಗ್ಗೆ ಹೋಗಿ ನೋಡಿದರೆ ಅದಿರಿನ ಕಪಾಟು ಬಿದ್ದಿರಲಿಲ್ಲ. ಗೋಡೆಗೆ ಬೋಲ್ಟ್ ಹಾಕಿದ್ದರು. 'ಇಂದೊ' ಬಾಟಲಿಯೂ ಹಾಗೇ ಇತ್ತು.

ಎಲ್ಲರೂ ತೊಹೊಕುಗೇ ಹೋಗಿ ಅಂತ ನಾನು ಹೇಳುತ್ತಿಲ್ಲ. ಲೋಹ, ಮೆಟೀರಿಯಲ್ಸ್ ಆದರೆ ಕಣ್ಣು ಮುಚ್ಚಿ ಮೊದಲು ಅಲ್ಲಿ ಹುಡುಕಿ. ಟೋಕಿಯೊ ಟೆಕ್ ಅಂತ ಕೇಳಿಕೊಂಡು ಬರುವವರಿಗೆ: ಆ ಹೆಸರು ಈಗಿಲ್ಲ. 2024ರ ಅಕ್ಟೋಬರ್ 1ರಂದು ಅದು ಒಂದು ವೈದ್ಯಕೀಯ ವಿಶ್ವವಿದ್ಯಾಲಯದ ಜೊತೆ ಸೇರಿ 'ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಟೋಕಿಯೊ' ಆಗಿದೆ. ನೇರವಾಗಿ ಪಿ.ಎಚ್‌ಡಿ. ಮಾಡುವ ಮನಸ್ಸಿದ್ದು, ಜಪಾನಿ ಭಾಷೆಯ ಭಯವಿದ್ದರೆ ಒಕಿನಾವಾ ದ್ವೀಪದ ಓಯಿಸ್ಟ್ ಅನ್ನುವ ವಿಶ್ವವಿದ್ಯಾಲಯ ನೋಡಿ. ಎಲ್ಲ ಇಂಗ್ಲಿಷ್‌ನಲ್ಲಿ, ಸೇರಿದ ಎಲ್ಲರಿಗೂ ಹಣದ ನೆರವು ಇದೆ, ವಿಭಾಗಗಳ ಗೋಡೆ ಇಲ್ಲ. ಸೇರುವುದು ಮಾತ್ರ ಕಷ್ಟ. ನಾರಾದ ನೈಸ್ಟ್, ಇಶಿಕಾವಾದ ಜೈಸ್ಟ್ ಅನ್ನುವ ಎರಡು ವಿಶ್ವವಿದ್ಯಾಲಯಗಳಲ್ಲೂ ಮಾಸ್ಟರ್ಸ್, ಪಿ.ಎಚ್‌ಡಿ. ಮಾತ್ರ ಇರುವುದು. ಎಲ್ಲರೂ ಬೇರೆ ಬೇರೆ ಕಡೆಯಿಂದ ಬಂದಿರುತ್ತಾರೆ, ಹಾಗಾಗಿ ಹೊರಗಿನವರು ಅನ್ನುವ ಭಾವನೆ ಕಡಿಮೆ. ಚಿಕ್ಕ ಉಪಗ್ರಹದ ಆಸೆ ಇರುವವರಿಗೆ ಕಿತಾಕ್ಯೂಶು ಊರಿನ ಕ್ಯೂಟೆಕ್ ವಿಶ್ವವಿದ್ಯಾಲಯ. ಆ ಊರು 1901ರಲ್ಲಿ ಯವತಾ ಉಕ್ಕಿನ ಕಾರ್ಖಾನೆ ಶುರುವಾದ ಊರು, ನಮ್ಮ ತೋರಣಗಲ್ಲಿನವರಿಗೆ ಅಲ್ಲಿ ಮನೆಗೆ ಬಂದ ಹಾಗನ್ನಿಸಬಹುದು.

ಪಿ.ಯು.ಸಿ. ಆದ ಕೂಡಲೇ ಹೋಗಬೇಕು ಅನ್ನುವವರಿಗೆ ನಾನು ಅಷ್ಟು ಉತ್ಸಾಹ ತೋರಿಸುವುದಿಲ್ಲ. ಇಂಗ್ಲಿಷ್‌ನಲ್ಲಿ ಪದವಿ ಕೊಡುವ ಕೋರ್ಸ್ ಇವೆ, ನಗೋಯಾದಲ್ಲಿ, ತೊಹೊಕುವಿನಲ್ಲೂ. ಆದರೆ ಸೀಟು ಕಡಿಮೆ. ಇಲ್ಲಿ ಬಿ.ಇ. ಮುಗಿಸಿ, ಒಂದು ವರ್ಷ ಕೆಲಸ ಮಾಡಿ, ಕೈಗೆ ಒಂದು ಪ್ರಶ್ನೆ ಸಿಕ್ಕ ಮೇಲೆ ಹೋಗುವುದು ಒಳ್ಳೆಯದು ಅಂತ ನನ್ನ ಅನಿಸಿಕೆ.

ಕಳೆದ ತಿಂಗಳಿಂದ ಸಿರುಗುಪ್ಪದ ಒಬ್ಬ ಹುಡುಗಿ ಬರುತ್ತಿದ್ದಾಳೆ. ರಸಾಯನ ಶಾಸ್ತ್ರದಲ್ಲಿ ಎಂ.ಎಸ್ಸಿ. ಅವಳ ಕೈಯಲ್ಲೂ ರ‍್ಯಾಂಕಿಂಗ್ ಪ್ರಿಂಟ್ ಇತ್ತು. "ನಿಮ್ಮೂರಾಗ ಏನೈತಿ?" ಅಂತ ಕೇಳಿದೆ. "ರೈಸ್ ಮಿಲ್ ಅಷ್ಟೇರಿ ಅಕ್ಕ, ಹಿಂದುಗಡೆ ಹೊಟ್ಟಿನ ಬೂದಿ ಗುಡ್ಡ ಬಿದ್ದಿರ್ತೈತಿ" ಅಂದಳು. ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಮರಳಿನಲ್ಲಿ ಇರುವಂಥದ್ದೇ. ಮುಂದಿನ ಭಾನುವಾರ ಒಂದು ಪೊಟ್ಟಣ ಬೂದಿ ತಂದಿದ್ದಳು. ಇಬ್ಬರೂ ಕೂತು ಸಿಲಿಕಾ ಮೇಲೆ ಕೆಲಸ ಮಾಡುವ ಮೂರು ಲ್ಯಾಬ್ ಆರಿಸಿದ್ದೇವೆ. ಈಗ ಮೊದಲನೆಯವರ ಲೇಖನ ಓದುತ್ತಿದ್ದಾಳೆ. ಅರ್ಥವಾಗದ ಜಾಗಕ್ಕೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದಾಳೆ, ಹತ್ತೊಂಬತ್ತು ಗೆರೆ. ಅದರಲ್ಲಿ ಯಾವ ಎರಡು ಕೇಳಬೇಕು ಅಂತ ಈ ಭಾನುವಾರ ನೋಡುತ್ತೇವೆ.